ಉಪ್ಪಿನಕೇರಿಯ ಕಟ್ಟ

ಪುಣೆಯ ಕೊಂಢವಾ ಬಡಾವಣೆಯಲ್ಲಿದ್ದ ರಘುರಾಮನ ಹೋಟೆಲಿಗೆ ಭಾನುವಾರ ಅರ್ಧ ಜನ ಬರುತ್ತಿದ್ದುದು ಊಟಕ್ಕೆ, ಇನ್ನರ್ಧ ಜನ ಅವನ ಹೆಂಡತಿ ಲೀಲಾಕ್ಷಿಯ ಮಾತಿಗೆ. ಗದ್ದಲ ಇಳಿದ ಮೇಲೆ ಅವಳು ಸೆರಗಿಗೆ ಕೈ ಒರೆಸಿಕೊಂಡು ಕೂತಳೆಂದರೆ ಕುಂದಾಪುರದ ಕಡೆಯ ಊರುಗಳು ಒಂದರ ಹಿಂದೊಂದು ಬರುತ್ತಿದ್ದವು. ಯಾವ ಕೇರಿಯಲ್ಲಿ ಹಂಚು ಸುಡುತ್ತಿದ್ದರು, ಯಾವ ಕಡವಿನಲ್ಲಿ ದೋಣಿಯವನು ಮದುಮಗಳಿಂದ ಕೂಲಿ ಮುಟ್ಟುತ್ತಿರಲಿಲ್ಲ, ಎಲ್ಲವೂ. ಪುಣೆಯಲ್ಲೇ ಹುಟ್ಟಿದ ಮಕ್ಕಳು ಮರಾಠಿಯಲ್ಲಿ ಪ್ರಶ್ನೆ ಕೇಳಿದರೆ ಅವಳದು ಊರ ಕನ್ನಡದಲ್ಲೇ ಉತ್ತರ. ಮಾರ್ಕೆಟ್ ಯಾರ್ಡಿನ ಈರುಳ್ಳಿ ವ್ಯಾಪಾರಿ ಮುರುಗೆಪ್ಪ ಕೂಡ ಬಂದು ಕೂರುತ್ತಿದ್ದ. "ಭಾಳ ಛಲೋ ಹೇಳ್ತೀರಿ ಅಕ್ಕಾರ, ಕೇಳಿದ್ರ ಮೈ ತಂಪಾಗ್ತದ" ಎನ್ನುತ್ತಿದ್ದ.

ಲೀಲಾಕ್ಷಿಯ ಊರು ನಡುಕುದ್ರು, ಹೊಳೆ ಕಡಲು ಸೇರುವಲ್ಲಿನ ನಡುಗಡ್ಡೆ. ಅದರ ಕಡಲ ತುದಿಯಲ್ಲಿ ಉಪ್ಪು ಬೆಳೆಯುವವರ ಉಪ್ಪಿನಕೇರಿ. ಅವರ ಉಪ್ಪಿನ ಮಡಿಗಳಿಗೂ ಲೀಲಾಕ್ಷಿಯವರ ಭತ್ತದ ಗದ್ದೆಗಳಿಗೂ ನಡುವೆ ಒಂದು ಮಣ್ಣಿನ ಕಟ್ಟ.

"ನಾನು ತೊಟ್ಟಿಲಲ್ಲಿದ್ದಾಗ ಹೊಳೆ ಉಕ್ಕಿತಂತೆ. ಉಪ್ಪಿನಕೇರಿಯವರು ಕಟ್ಟ ಒಡೆದುಬಿಟ್ಟರು. ಉಪ್ಪುನೀರು ನುಗ್ಗಿ ನಮ್ಮ ಗದ್ದೆಯೆಲ್ಲ ಹಾಳು. ಅದಕ್ಕೇ ನಮ್ಮಪ್ಪ ಪುಣೆಗೆ ಬಂದದ್ದು" ಎಂದಳು ಒಂದು ಭಾನುವಾರ.

ಮೂಲೆಯ ಮೇಜಿನಲ್ಲಿದ್ದ ಕುಶಲ ತಲೆಯೆತ್ತಿದಳು. ಪುಣೆಯ ಹತ್ತಿರದ ತಳೇಗಾಂವ ದಾಭಾಡೆಗೆ ಹೊಸದಾಗಿ ಮದುವೆಯಾಗಿ ಬಂದವಳು.

"ಹಾಗಲ್ಲ ಅಕ್ಕಾ. ನಾನು ಉಪ್ಪಿನಕೇರಿಯವಳು. ನಿಮ್ಮ ಮನೆಗಳಿಗೆ ನೀರು ಏರ್ತಿತ್ತು. ಅದು ಕಡಲಿಗೆ ಇಳೀಲಿ ಅಂತ ನನ್ನಜ್ಜಿಯೇ ಹಾರೆ ಹಿಡಿದು ಕಡಿದದ್ದು. ಆ ವರ್ಷದ ಉಪ್ಪೆಲ್ಲ ಕರಗಿ ಹೋಯ್ತು ನಮ್ಮದು."

ಲೀಲಾಕ್ಷಿಯ ಮುಖ ಕೆಂಪಾಯಿತು. "ನಿನ್ನೆ ಮೊನ್ನೆ ಹುಟ್ಟಿದವಳು ನೀನು, ನಿನಗೆಂತ ಗೊತ್ತುಂಟು?"

ಕುಶಲ ತಟ್ಟೆಯಲ್ಲಿ ಅನ್ನ ಬಿಟ್ಟು ಎದ್ದು ಹೋದಳು.

ಆ ಬಿಟ್ಟ ಅನ್ನದ ತಟ್ಟೆಯನ್ನು ಲೀಲಾಕ್ಷಿಯೇ ತೆಗೆದಳು. ಮರುದಿನ ಬೆಳಗ್ಗೆ ಊರಲ್ಲಿದ್ದ ಸೋದರತ್ತೆಗೆ ಫೋನು ಹಚ್ಚಿದಳು. ತೊಂಬತ್ತರ ಮುದುಕಿ ಮೊದಲು ಬೈದಳು, ಆಮೇಲೆ ಹೇಳಿದಳು. "ಆ ಹೆಂಗಸು ಕಡಿಯದಿದ್ರೆ ನಿನ್ನ ತೊಟ್ಟಿಲು ತೇಲಿ ಹೋಗ್ತಿತ್ತು ಮಾರಾಯ್ತಿ. ಉಬ್ಬರದ ನೀರು ಗದ್ದೆಗೆ ಬಂದದ್ದು ಆಮೇಲೆ. ಗದ್ದೆ ಹೋದ ಸಿಟ್ಟಿಗೆ ನಮ್ಮ ಗಂಡಸರು ಒಡೆದರು ಒಡೆದರು ಅಂತ ಹೇಳಿ ಹೇಳಿ ಹಾಗೇ ಆಯ್ತು."

"ನೀವಾದರೂ ಹೇಳಬಾರದಿತ್ತಾ ಅತ್ತೆ?"

"ನೀನು ಕೇಳಿದೆಯಾ?"

ಲೀಲಾಕ್ಷಿ ಅಂದೇ ಮೀನುಸಾರು ಮಾಡಿ ಡಬ್ಬಿಗೆ ಹಾಕಿಕೊಂಡಳು. ರಘುರಾಮ ಗಲ್ಲಾ ಬಿಟ್ಟು ಕಾರು ತೆಗೆದ. ತಳೇಗಾಂವದ ಮನೆಯ ಬಾಗಿಲಲ್ಲಿ ಕುಶಲಳನ್ನು ಕಂಡವಳೇ ಅವಳ ಎರಡೂ ಕೈ ಹಿಡಿದುಕೊಂಡಳು.

"ನಿನ್ನಜ್ಜಿಯ ಹೆಸರೆಂತ?" ಎಂದಳು.

"ಚಂದು" ಎಂದಳು ಕುಶಲ. "ಒಳಗೆ ಬನ್ನಿ."

ಮುಂದಿನ ಭಾನುವಾರ ಹೋಟೆಲಿನಲ್ಲಿ ಕತೆ ಹೇಳಿದ್ದು ಕುಶಲ. ಲೀಲಾಕ್ಷಿ ಮಕ್ಕಳ ನಡುವೆ ಕೂತಿದ್ದಳಾದರೂ ಬಾಯಿ ಸುಮ್ಮನಿರಲಿಲ್ಲ. "ಆ ಹೊಳೆ ಎಷ್ಟು ಅಗಲ ಹೇಳು", "ಚಂದಮ್ಮನ ಹಾರೆ ಹೇಗಿತ್ತು ಹೇಳು" ಎಂದು ನಡುನಡುವೆ ಬಾಯಿ ಹಾಕುತ್ತಲೇ ಇದ್ದಳು. ಕೊನೆಗೆ ರಘುರಾಮನೇ ಗಲ್ಲಾದಿಂದ ಕೂಗಬೇಕಾಯಿತು:

"ಹೇಳಲಿಕ್ಕೆ ಬಿಡೇ ಅವಳನ್ನ!"