ಹೂಜಿ ಗಿಡದ ಮೈಮೇಲೆ ಮಚ್ಚೆಗಳು

ನಮ್ಮ ಮನೆಯಲ್ಲೊಬ್ಬ ಮಾಂಸಾಹಾರಿ ಇರುವ ಸಂಗತಿಯನ್ನು ನಾವು ನೆಂಟರಿಷ್ಟರಿಂದ ಬಹಳ ದಿನ ಮುಚ್ಚಿಟ್ಟಿದ್ದೆವು. ರವೀಂದ್ರನಗರದ ನಮ್ಮ ಮನೆಗೆ ಕೋಳಿಮೊಟ್ಟೆಗೂ ಪ್ರವೇಶವಿಲ್ಲ. ಬೇಕರಿಯಿಂದ ಕೇಕ್ ತಂದರೆ ಅಮ್ಮ ನನ್ನಿಂದ ಎರಡೆರಡು ಸಲ ಆಣೆ ಮಾಡಿಸಿಕೊಂಡ ಮೇಲೇ ತಟ್ಟೆ ಹಿಡಿಯುತ್ತಿದ್ದಳು. ಅಂಥ ಮನೆಯ ವರಾಂಡದಲ್ಲಿ, ಪ್ಲಾಸ್ಟಿಕ್ ತೂಗುಕುಂಡದಲ್ಲಿ ಆರಾಮವಾಗಿ ಕುಳಿತು, ಹಾಡಹಗಲೇ ಇರುವೆ, ನೊಣ, ಒಮ್ಮೊಮ್ಮೆ ಜಿರಳೆಮರಿಯನ್ನೂ ಅರಗಿಸಿಕೊಳ್ಳುತ್ತಿದ್ದದ್ದು ಒಂದು ಹೂಜಿ ಗಿಡ.

ತಂದವಳು ನನ್ನ ಹೆಂಡತಿ ಗಿರಿಜಾ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತಾಳೆ. ಅವಳಿಗೆ ಪಾಠ ಹೇಳಿದ ಮೇಡಂ ಒಬ್ಬರು ತೀರಿಕೊಳ್ಳುವ ವರ್ಷ ತಮ್ಮ ಗಿಡದಿಂದ ಒಂದು ಕಡ್ಡಿ ಕತ್ತರಿಸಿ ಕೊಟ್ಟಿದ್ದರು. ತಾಯಿಗಿಡ ಅವರ ಹಿಂದೆಯೇ ಹೋಯಿತು, ಉಳಿದದ್ದು ಇದೊಂದೇ. ಹಾಗಾಗಿ ನಮ್ಮ ಮನೆಯಲ್ಲಿ ಅದರ ಸ್ಥಾನ ನನಗಿಂತ ಒಂದು ಮೆಟ್ಟಿಲು ಮೇಲಿತ್ತು, ಮತ್ತು ಅದರ ಬಗ್ಗೆ ನನಗೆ ದೂರೇನೂ ಇರಲಿಲ್ಲ.

ದೂರು ಹೇಳುವುದೆಲ್ಲಿ, ನಾನು ಅದರ ಮುಂದೆ ಬಾಯಿಬಿಟ್ಟುಕೊಂಡು ನಿಲ್ಲುತ್ತಿದ್ದೆ. ನೋಡಿ, ಗಿಡದಲ್ಲಿ ತೂಗುವ ಆ ಹೂಜಿಯನ್ನು ಎಲ್ಲರೂ ಹೂವೆಂದುಕೊಳ್ಳುತ್ತಾರೆ. ಅದು ಹೂವಲ್ಲ, ಎಲೆಯದೇ ತುದಿ. ಎಲೆಯ ನಡುನರ ಎಲೆ ಮುಗಿದ ಮೇಲೂ ನಿಲ್ಲದೆ ದಾರದಂತೆ ಇಳಿದು, ಕೊನೆಯಲ್ಲಿ ಹೆಸರುಕಾಳಿನಷ್ಟು ಉಬ್ಬುತ್ತದೆ. ಆಮೇಲೆ ಆ ಕಾಳು ದಿನದಿನಕ್ಕೆ ಬೆಳೆದು, ಒಂದು ಬೆಳಿಗ್ಗೆ ಮುಚ್ಚಳ ತೆರೆದು, ಒಳಗೆ ತಾನೇ ಮಾಡಿಟ್ಟುಕೊಂಡ ನೀರಿನೊಂದಿಗೆ ಹೂಜಿಯಾಗಿ ನಿಂತಿರುತ್ತದೆ. ಕುಂಬಾರನಿಲ್ಲ, ತಿಗರಿಯಿಲ್ಲ. ಇರುವೆ ಒಳಗೆ ಬಿದ್ದೊಡನೆ ಮುಚ್ಚಳ ಪಟ್ಟನೆ ಮುಚ್ಚಿಕೊಳ್ಳುತ್ತದೆಂದು ನಾನು ಸ್ನೇಹಿತರಿಗೆಲ್ಲ ವರ್ಣಿಸಿದ್ದೆ. ಮುಚ್ಚಳ ಜನ್ಮದಲ್ಲಿ ಒಮ್ಮೆ ತೆರೆದರೆ ಮುಗಿಯಿತು, ಮತ್ತೆ ಮುಚ್ಚುವುದಿಲ್ಲ, ಅದು ಮಳೆಗೆ ಹಿಡಿದ ಕೊಡೆ ಅಷ್ಟೇ ಎಂದು ಗಿರಿಜಾ ತಿಳಿಸಿದಾಗ ನನ್ನ ಬೆರಗು ಇನ್ನೂ ಹೆಚ್ಚಾಯಿತು. ಬಾಗಿಲು ಹಾಕದೆಯೇ ಕಳ್ಳರನ್ನು ಹಿಡಿಯುವ ಮನೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಗಿರಿಜಾ ಆರು ವಾರದ ತರಬೇತಿಗೆಂದು ಧಾರವಾಡಕ್ಕೆ ಹೊರಟಳು. ಹೊರಡುವಾಗ ನನಗೆ ಕೊಟ್ಟ ಅಪ್ಪಣೆ ಚಿಕ್ಕದು. "ಡ್ರಮ್ಮಿನಲ್ಲಿರೋ ಮಳೆನೀರು ಮಾತ್ರ ಹಾಕಿ. ನೋಡ್ತಾ ಇರಿ. ಬೇರೆ ಏನೂ ಮಾಡ್ಬೇಡಿ. ನೀವು ಏನೂ ಮಾಡ್ದಿದ್ರೆ ಅದು ಚೆನ್ನಾಗಿರುತ್ತೆ." ಮದುವೆಯಾದ ಹದಿನೈದು ವರ್ಷದಲ್ಲಿ ಅವಳು ನನ್ನನ್ನು ನಂಬಿ ಒಪ್ಪಿಸಿದ ಮೊದಲ ಜೀವ ಅದು.

ಮೂರನೇ ವಾರ ಎಲೆಗಳ ಮೇಲೆ ಮಚ್ಚೆಗಳು ಕಾಣಿಸಿಕೊಂಡವು. ಕಂದು ಬಣ್ಣ, ಸುತ್ತ ಹಳದಿ ಅಂಚು, ಕಡಲೆಬೇಳೆಯಷ್ಟು ಗಾತ್ರ. ಭಾನುವಾರ ಫೋನ್ ಬಂತು. "ಗಿಡ ಹೇಗಿದೆ?" ಎಂದು ಮೊದಲ ಪ್ರಶ್ನೆ. "ನಾನು ಚೆನ್ನಾಗಿದ್ದೀನಿ" ಎಂದು ನನ್ನ ಉತ್ತರ.

ನಾನು ಭದ್ರಾವತಿಯ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಬಾಯ್ಲರಿನ ನೀರು ಪರೀಕ್ಷೆ ಮಾಡುವವನು. ನೀರಿನಲ್ಲಿ ಸುಣ್ಣದಂಶ ಹೆಚ್ಚಿದರೆ ಕೊಳವೆಯೊಳಗೆ ಪೊರೆ ಕಟ್ಟಿ ಬಾಯ್ಲರ್ ಕೆಡುತ್ತದೆಂದು ಇಡೀ ಕಾರ್ಖಾನೆಗೆ ಎಚ್ಚರಿಕೆ ಕೊಡುವವನು. ಇಂಥ ನಾನು, ಡ್ರಮ್ಮಿನ ಮಳೆನೀರು ಎರಡನೇ ವಾರಕ್ಕೇ ಬರಿದಾದಾಗ, ಗಿಡಕ್ಕೆ ಬೋರ್‌ವೆಲ್ ನೀರು ಹಾಕುತ್ತಿದ್ದೆ. ಎಲೆಗಳ ಮೇಲೆ ಬಿಳಿ ಪುಡಿಯ ಕಲೆ ಕಂಡಾಗಲೇ ಅದು ಹೊಳೆದದ್ದು. ನಾಚಿಕೆಯಾಯಿತು. ಬಡಮಣ್ಣಿನಲ್ಲಿ ಹುಟ್ಟಿದ ಗಿಡ, ಮಣ್ಣಿನಿಂದ ಏನನ್ನೂ ಬಯಸದೆ ಊಟಕ್ಕೆ ಬೇರೆಯೇ ದಾರಿ ಹುಡುಕಿಕೊಂಡದ್ದು. ಅದಕ್ಕೆ ಬಾಯ್ಲರಿಗಿಂತ ಶುದ್ಧವಾದ ನೀರು ಬೇಕು. ಬಸ್‌ಸ್ಟ್ಯಾಂಡ್ ಹತ್ತಿರದ ಬ್ಯಾಟರಿ ಅಂಗಡಿಯಿಂದ ಡಿಸ್ಟಿಲ್ಡ್ ವಾಟರ್ ಬಾಟಲಿಗಳನ್ನು ಹೊತ್ತು ತಂದೆ. ಅಂಗಡಿಯವನು, "ಎಷ್ಟು ಲಾರಿ ಇಟ್ಟಿದ್ದೀರಾ ಸಾರ್?" ಎಂದು ಗೌರವದಿಂದ ಕೇಳಿದ.

ಮಚ್ಚೆ ನಿಲ್ಲಲಿಲ್ಲ. ಹೊಳಲೂರಿನಲ್ಲಿ ಅಡಿಕೆ ತೋಟ ಮಾಡಿಕೊಂಡಿರುವ ನನ್ನ ಷಡ್ಡಕ ರುದ್ರೇಶ ಬಂದು ನೋಡಿ, ಕ್ಷಣವೂ ಯೋಚಿಸದೆ, "ಇದು ಕೊಳೆರೋಗ ಮಾರಾಯ. ಮೈಲುತುತ್ತ, ಸುಣ್ಣ ಕಲಸಿ ಹೊಡಿ" ಎಂದ. ಅವನ ಲೋಕದಲ್ಲಿ ರೋಗ ಒಂದೇ, ಔಷಧಿಯೂ ಒಂದೇ. ಸುಣ್ಣ ತೊಳೆಯಲೆಂದೇ ನಾನು ಬಾಟಲಿ ಹೊತ್ತು ತಂದವನು. ಅವನಿಗೆ ಕಾಫಿ ಕೊಟ್ಟು ಕಳಿಸಿದೆ.

ಆಮೇಲೆ ಪ್ರಯೋಗಾಲಯದ ಬುದ್ಧಿ ಉಪಯೋಗಿಸಿ ನೋಟ್‌ಬುಕ್ ಹಿಡಿದೆ. ಬಿಸಿಲು ಸುಟ್ಟಿದ್ದರೆ ಬಿಸಿಲು ಬೀಳುವ ಕಡೆ ಮಾತ್ರ ಸುಡಬೇಕು; ಇದು ಮನೆಬಾಗಿಲ ಕಡೆ. ನೀರಿನ ದೋಷವಾದರೆ ಎಲೆಯ ತುದಿ, ಅಂಚುಗಳಿಂದ ಒಣಗಬೇಕು, ಇದು ನಟ್ಟನಡುವೆ. ಬೂಷ್ಟಾದರೆ ಹೇಗೆಂದರೆ ಹಾಗೆ ಹಬ್ಬಬೇಕು. ಇಲ್ಲಿ ಒಂದು ಎಲೆಗೆ ಮೂರು ಮಚ್ಚೆ, ಪಕ್ಕಪಕ್ಕದಲ್ಲಿ, ಸಾಲಾಗಿ. ಇನ್ನೊಂದು ಎಲೆಗೂ ಮೂರು. ಮತ್ತೊಂದಕ್ಕೂ ಮೂರು. ಯಾವ ಬೂಷ್ಟಿಗೆ ಲೆಕ್ಕ ಬರುತ್ತದೆ? ಪ್ರಕೃತಿಯ ಯಾವುದೋ ಮಹಾ ನಿಯಮವೊಂದು ನನ್ನ ವರಾಂಡದಲ್ಲಿ ಬಯಲಾಗುತ್ತಿದೆಯೆಂದು ನನಗೆ ರೋಮಾಂಚನವಾಯಿತು. ಸಂಜೆ ಬಂದು ಬಿಳಿ ಪುಡಿ ಒರೆಸುವುದು, ಮಚ್ಚೆ ಎಣಿಸುವುದು, ಬೆರಗಾಗುವುದು, ಇದೇ ನನ್ನ ಕೆಲಸವಾಯಿತು.

ನನ್ನ ವಾರದ ರಜೆಯ ಒಂದು ಬೆಳಿಗ್ಗೆ ವರಾಂಡದ ಮೂಲೆಯಲ್ಲಿ ಪೇಪರ್ ಹಿಡಿದು ಕುಳಿತಿದ್ದೆ. ಅಮ್ಮ ಶಿವಪೂಜೆ ಮುಗಿಸಿ, ಹಣೆಗೆ ವಿಭೂತಿ ಧರಿಸಿ, ಹಸಿ ಕೈಯಲ್ಲೇ ಹೊರಗೆ ಬಂದಳು. ನಾನಿರುವುದನ್ನು ನೋಡಲಿಲ್ಲ. ಕುಂಡದ ಮುಂದೆ ನಿಂತು, ವಿಭೂತಿ ಮೆತ್ತಿದ ಮೂರು ಬೆರಳುಗಳನ್ನು ಮಗುವಿನ ಹಣೆಗೆ ಒತ್ತುವಂತೆ ಒಂದು ಎಲೆಗೆ ಒತ್ತಿದಳು. ಮತ್ತೊಂದಕ್ಕೆ ಒತ್ತಿದಳು. ಕೈಗೆಟುಕುವ ಎಲೆಗಳಿಗೆಲ್ಲ ಒತ್ತಿ, "ಶಿವನೇ, ಇದಕ್ಕೆ ತಿಳುವಳಿಕೆ ಇಲ್ಲ. ಇದರ ತಪ್ಪು ಹೊಟ್ಟೆಗೆ ಹಾಕ್ಕೋ" ಎಂದಳು.

ಪೇಪರ್ ನನ್ನ ಕೈಯಲ್ಲೇ ಉಳಿಯಿತು. ಗಿರಿಜಾ ಹೊರಟ ಮರುದಿನದಿಂದ, ಸೊಸೆಯಿಲ್ಲದ ಮನೆಯಲ್ಲಿ ಆ ಗಿಡದ ಪಾಪದ ಭಾರವೆಲ್ಲ ತನ್ನ ಮೇಲಿದೆಯೆಂದು ತಿಳಿದು ಅಮ್ಮ ದಿನವೂ ಇದನ್ನೇ ಮಾಡುತ್ತಿದ್ದಳು. ಮೂರು ಬೆರಳು, ಮೂರು ಮಚ್ಚೆ. ಬೋರ್‌ವೆಲ್ ನೀರಿನ ಉಳಿಕೆಯೆಂದು ನಾನು ದಿನವೂ ಸಂಜೆ ಒರೆಸುತ್ತಿದ್ದ ಬಿಳಿ ಪುಡಿ ವಿಭೂತಿ. ನಮ್ಮ ಹಣೆಗಳು ತಲೆತಲಾಂತರದಿಂದ ಹೊತ್ತಿರುವ ಆ ಬೂದಿಯ ಕ್ಷಾರವನ್ನು ಮೃದುವಾದ ಎಲೆ ತಡೆದುಕೊಂಡಿರಲಿಲ್ಲ.

ಇಲ್ಲಿ ನಾನು ಜಾಣನಾಗಿದ್ದರೆ ಕುಂಡವನ್ನು ಸುಮ್ಮನೆ ಎತ್ತರಕ್ಕೆ ಕಟ್ಟುತ್ತಿದ್ದೆ. ಆದರೆ ರೋಗದ ಮೂಲ ಸಿಕ್ಕ ಸಂಭ್ರಮ ನನ್ನನ್ನು ಸುಮ್ಮನಿರಗೊಡಲಿಲ್ಲ. "ಅಮ್ಮ, ಆ ವಿಭೂತಿಯಿಂದಲೇ ಎಲೆ ಸುಡ್ತಾ ಇರೋದು!" ಎಂದು ಕೂಗಿಯೇಬಿಟ್ಟೆ.

ಅಮ್ಮ ತಿರುಗಿ ನೋಡಿದಳು. ತನ್ನ ಬೆರಳುಗಳನ್ನು ನೋಡಿಕೊಂಡಳು. "ಅದು ಕೊಲ್ಲುತ್ತೆ ಅಂತ ನಾನು ಬೇಡ್ಕೊಳ್ತಾ ಇದ್ದೆ. ನಾನೇ ಅದನ್ನ ಕೊಲ್ತಾ ಇದ್ನೇನೋ?" ಎಂದಳು. ಅವಳು ಒಳಗೆ ಹೋದಳು, ಮತ್ತೆ ವರಾಂಡಕ್ಕೆ ಬರಲಿಲ್ಲ. ತರಕಾರಿ ಗಾಡಿ ಬಂದರೂ ಕಿಟಕಿಯಿಂದಲೇ ಬೆಲೆ ಕೇಳುತ್ತಿದ್ದಳು. ಗಿಡದೊಂದಿಗೆ ಈಗ ಅಮ್ಮನನ್ನೂ ಕೆಡಿಸಿಟ್ಟೆ ಎಂದು ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಗಿಡದ ಚಿಕಿತ್ಸೆ ಸುಲಭವಿತ್ತು. ಪೂರ್ತಿ ಒಣಗಿದ ಎರಡು ಎಲೆಗಳನ್ನು ಸ್ಪಿರಿಟ್‌ನಲ್ಲಿ ಒರೆಸಿದ ಬ್ಲೇಡಿನಿಂದ ತೆಗೆದೆ. ಉಳಿದವನ್ನು ಹತ್ತಿಯಿಂದ, ಶುದ್ಧ ನೀರಿನಿಂದ ತೊಳೆದೆ. ಮೇಲಿನ ಒಂದಿಷ್ಟು ಮಣ್ಣು ಬದಲಿಸಿ, ಗಾಳಿಯಾಡುವ ಕಡೆ ತೂಗುಹಾಕಿದೆ. ಎಲೆಯ ಮೇಲಿನ ಮಚ್ಚೆ ಎಂದೂ ಮಾಯುವುದಿಲ್ಲ ಎಂಬುದು ಆಗ ಗೊತ್ತಾಯಿತು. ನಮ್ಮ ಚರ್ಮದಂತೆ ಅಲ್ಲ ಅದು. ಗಿಡ ಹಳೆಯ ಗಾಯವನ್ನು ಹಾಗೆಯೇ ಬಿಟ್ಟು ಹೊಸ ಎಲೆ ಹುಟ್ಟಿಸುತ್ತದೆ. ಗುಣವಾಯಿತೇ ಎಂದು ತಿಳಿಯಬೇಕಾದರೆ ಗಾಯವನ್ನಲ್ಲ, ಚಿಗುರನ್ನು ನೋಡುತ್ತ ಕಾಯಬೇಕು. ಕಾದೆ. ಹತ್ತನೇ ದಿನ ನಡುವಿನಿಂದ ಸುರುಳಿ ಸುತ್ತಿದ ಒಂದು ಹಸಿರು ಮೊನೆ ಎದ್ದಿತು. ಯಾರ ಮೇಲೂ ಸಿಟ್ಟಿಲ್ಲದ ಆ ಮೊನೆಯನ್ನು ನೋಡಿ ನಾನು ಕೈಮುಗಿದದ್ದನ್ನು ಯಾರಿಗೂ ಹೇಳಿಲ್ಲ. ಅಮ್ಮನಿಗೆ ಮಾತ್ರ ಇಂಥ ಚಿಕಿತ್ಸೆ ನನಗೆ ತಿಳಿದಿರಲಿಲ್ಲ. "ಚಿಗುರು ಬಂದಿದೆ ಬಾಮ್ಮ" ಎಂದರೆ, "ನನ್ನ ನೆರಳು ಬೀಳೋದು ಬೇಡ" ಎನ್ನುತ್ತಿದ್ದಳು.

ಗಿರಿಜಾ ಬಂದಳು. ಚಪ್ಪಲಿ ಬಿಡುವ ಮೊದಲೇ ಗಿಡದ ಮುಂದೆ ನಿಂತಳು. ನಾನು ಬೋರ್‌ವೆಲ್ಲಿನಿಂದ ಹಿಡಿದು ವಿಭೂತಿಯವರೆಗೆ ಎಲ್ಲವನ್ನೂ ಒಪ್ಪಿಕೊಂಡೆ. ಅವಳು ಮೂರು ಮೂರು ಮಚ್ಚೆಗಳ ಮೇಲೆ ಬೆರಳಾಡಿಸಿ, ಹೊಸ ಎಲೆಯನ್ನು ಬಹಳ ಹೊತ್ತು ನೋಡಿ, ಒಂದು ಮಾತೂ ಬೈಯದೆ ಒಳಗೆ ಹೋಗಿ ಅಮ್ಮನ ಕೈಹಿಡಿದು ಕರೆತಂದಳು. "ಅತ್ತೆ, ಇದು ಬದುಕುತ್ತೆ. ಸ್ವಲ್ಪ ಬಗ್ಗಿ, ಈ ದೊಡ್ಡ ಹೂಜಿ ಒಳಗೆ ನೋಡಿ" ಎಂದು ಟಾರ್ಚ್ ಬಿಟ್ಟಳು.

ಅಮ್ಮ ಮನಸ್ಸಿಲ್ಲದ ಮನಸ್ಸಿನಿಂದ ಬಗ್ಗಿದಳು. ತಳದಲ್ಲಿ ಇರುವೆಗಳ ಕಪ್ಪು ರಾಶಿ. ಅದರ ಮೇಲಿನ ನೀರಿನಲ್ಲಿ ದಾರದ ಎಳೆಯಂಥ ನಾಲ್ಕೈದು ಮರಿಹುಳುಗಳು ಕುಣಿಯುತ್ತ ಮೇಲೆ ಬರುತ್ತಿದ್ದವು, ಕೆಳಗಿಳಿಯುತ್ತಿದ್ದವು. ಎಲ್ಲವನ್ನೂ ಕರಗಿಸುವ ನೀರಿನಲ್ಲಿ ಅವು ಕರಗದೆ ಆಡುತ್ತಿದ್ದವು. ನಾನೂ ಇಣುಕಿದೆ, ಮೈ ಜುಮ್ಮೆಂದಿತು.

"ಅಯ್ಯೋ ಶಿವನೇ," ಎಂದಳು ಅಮ್ಮ. "ನೋಡೇ ಗಿರಿಜಾ, ತಿನ್ನೋ ಹೊಟ್ಟೆಯೊಳಗೇ ಯಾವುದೋ ಮಕ್ಕಳನ್ನ ಸಾಕ್ತಾ ಇದೆಯಲ್ಲೇ! ಇದರ ಪಾಪ ಪುಣ್ಯ ನೋಡ್ಕೊಳ್ಳೋಕೆ ನಾನ್ಯಾರೇ?" ಎರಡು ವಾರದ ನಂತರ ಅವಳ ಮುಖದಲ್ಲಿ ನಗು ಕಂಡೆ.

ಅವು ಸೊಳ್ಳೆಯ ಮರಿಗಳೆಂದೂ, ವಾರದೊಳಗೆ ರೆಕ್ಕೆ ಬಂದು ನಮ್ಮನ್ನೇ ಕಚ್ಚುತ್ತವೆಂದೂ ನನಗೆ ಚೆನ್ನಾಗಿ ಗೊತ್ತಿತ್ತು. ಹೇಳಲು ಬಾಯಿ ತೆರೆದೆ. ಗಿರಿಜಾ ನನ್ನ ಕಡೆ ಒಮ್ಮೆ ನೋಡಿದಳು. ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿಕೊಂಡೆ. ನೂರಕ್ಕೆ ನೂರು ಸರಿಯಾಗಿದ್ದ ಒಂದು ರೋಗನಿರ್ಣಯವನ್ನು ಅಂದು ಮೊದಲ ಬಾರಿಗೆ ನುಂಗಿಕೊಂಡೆ, ಅದು ಸುಖವಾಗಿ ಅರಗಿತು.