ಏಳು ಪುಸ್ತಕದಷ್ಟು ಎತ್ತರ

ನಾನು ಶಾಲೆ ಬಿಟ್ಟಿದ್ದು ೧೯೯೧ರಲ್ಲಿ, ಏಳನೇ ಕ್ಲಾಸಿನ ನಡುವಿನಲ್ಲಿ. ಬಿಡಿಸಿದರು ಅಂದರೆ ಅಪ್ಪನಿಗೆ ಅನ್ಯಾಯ ಮಾಡಿದಂತಾಗುತ್ತದೆ, ನಾನೇ ಬಿಟ್ಟೆ. ತಂಬ್ರಹಳ್ಳಿಯಿಂದ ಹಗರಿಬೊಮ್ಮನಹಳ್ಳಿಗೆ ಏನೋ ತರಲು ಹೋದವನು ಒಂದು ಬಡಗಿ ಅಂಗಡಿಯ ಮುಂದೆ ನಿಂತೆ. ರಂದಾ ಹೊಡೆದ ಹಾಗೆಲ್ಲ ಹಲಗೆಯ ಮೈಯಿಂದ ತೆಳ್ಳನೆಯ ಸುರುಳಿ ಎದ್ದು ಬರುತ್ತಿತ್ತು. ಅದನ್ನು ನೋಡಿದ ಮೇಲೆ ಲಸಾಅ, ಮಸಾಅ ತಲೆಗೆ ಹತ್ತಲಿಲ್ಲ. ಅದಕ್ಕೆ ಇವತ್ತಿಗೂ ಬೇಜಾರಿಲ್ಲ. ಆದರೆ ಯಾರಾದರೂ "ಎಲ್ಲಿ ಮಟ ಓದೀರಿ?" ಅಂತ ಕೇಳಿದರೆ ಮಾತ್ರ ನನಗೆ ಕೂಡಲೇ ಉಳಿ ಮಸೆಯುವ ಕೆಲಸ ನೆನಪಾಗುತ್ತದೆ.

ಇವತ್ತು ಬೆಳಿಗ್ಗೆ ಬಾಗಿಲು ಮಾಡಿಸಲು ಬಂದ ಗಿರಾಕಿಯೊಬ್ಬರು ಗೋಡೆಯ ಮೇಲಿರುವ ಸಾಗವಾನಿ ಮುಚ್ಚಳ ನೋಡಿ, ಇದರ ಪೆಟ್ಟಿಗೆ ಎಲ್ಲಿ ಅಂದರು. ಪೆಟ್ಟಿಗೆ ಬೇರೆ ಮನೆಯಲ್ಲಿದೆ, ಅದಕ್ಕೆ ಮುಚ್ಚಳ ಬೇಕಾಗಿಲ್ಲ ಅಂದೆ. ಅವರು ನನ್ನ ಮುಖ ನೋಡಿದರು, ಮುಚ್ಚಳ ನೋಡಿದರು, ಬಾಗಿಲಿನ ಅಳತೆ ಕೊಟ್ಟು ಹೋದರು. ಅವರು ಹೋದ ಮೇಲೆ ಮುಚ್ಚಳ ಇಳಿಸಿ ಬಟ್ಟೆಯಿಂದ ಒರೆಸಿದೆ. ಇಷ್ಟು ವರ್ಷವಾದರೂ ಅದರಲ್ಲಿ ಅರಗಿನ ಪಾಲಿಶಿನ ವಾಸನೆ ಉಳಿದಿದೆ. ನಿಮಗೆ ಅವಸರವಿಲ್ಲದಿದ್ದರೆ ಕೂತುಕೊಳ್ಳಿ, ಅವರಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ.

ಕೂಡ್ಲಿಗಿಯಲ್ಲಿ ನಾನು ಸ್ವಂತ ಅಂಗಡಿ ಹಾಕಿದಾಗ ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ತಗಡಿನ ಮಾಡು, ಒಂದು ಕೆಲಸದ ಬೆಂಚು, ಮಳೆ ಬಂದರೆ ಹಲಗೆ ಮುಚ್ಚಲು ಒಂದು ಹಳೆ ತಾಡಪತ್ರಿ. ಅಂಗಡಿಯ ಎಡಕ್ಕೆ ಅಂತೋಣಣ್ಣನ ಲಾರಿ ರಿಪೇರಿ ಶೆಡ್ಡು. ಬಲಕ್ಕೆ ಎರಡು ಮನೆ ದಾಟಿದರೆ ಸಮುವೇಲಪ್ಪ ಮೇಷ್ಟ್ರ ಮನೆ. ಊರಿನವರ ಲೆಕ್ಕದಲ್ಲಿ ಇಬ್ಬರೂ ಒಂದೇ, ಕಿರಸ್ತಾನರು. ನನ್ನ ಲೆಕ್ಕದಲ್ಲೂ ಅಷ್ಟೇ ಇತ್ತು. ಕ್ರಿಸ್ಮಸ್ಸಿಗೆ ಎರಡೂ ಮನೆಯಿಂದ ಕೇಕು ಬರುತ್ತಿತ್ತು, ಎರಡೂ ಚೆನ್ನಾಗಿರುತ್ತಿತ್ತು. ಅಂತೋಣಣ್ಣ ಕ್ಯಾಥೋಲಿಕ್ಕು, ಮೇಷ್ಟ್ರು ಪ್ರಾಟೆಸ್ಟೆಂಟು, ಇಬ್ಬರ ಬೈಬಲ್ಲೂ ಒಂದೇ ಅಲ್ಲ ಅನ್ನುವುದು ನನಗೆ ಗೊತ್ತಾಗಿದ್ದು ಅವರು ನನ್ನ ಅಂಗಡಿಗೆ ಚಹಾ ತರಿಸಿಕೊಂಡು ಕೂರಲು ಶುರು ಮಾಡಿದ ಮೇಲೆ.

ನನ್ನ ಅಂಗಡಿಯೇ ಯಾಕೆ ಅಂತ ಕೇಳಬೇಡಿ. ಒಬ್ಬರ ಮನೆಗೊಬ್ಬರು ಹೋದರೆ ಮರ್ಯಾದೆ ಅಡ್ಡ ಬರುತ್ತಿತ್ತು, ಹೆಂಗಸರು ಉಪ್ಪಿಟ್ಟು ತಂದಿಡುತ್ತಿದ್ದರು, ಜಗಳ ಸರಿಯಾಗಿ ಆಗುತ್ತಿರಲಿಲ್ಲ. ಇಲ್ಲಿ ಆ ತೊಂದರೆ ಇರಲಿಲ್ಲ. ಮೇಷ್ಟ್ರಿಗೆ ಸ್ಟೂಲು, ಅಂತೋಣಣ್ಣನಿಗೆ ಹಲಗೆಯ ಒಟ್ಟು.

ಶುರು ಮಾಡುತ್ತಿದ್ದವರು ಯಾವಾಗಲೂ ಅಂತೋಣಣ್ಣ. ಬೈಬಲ್ಲಿಗೆ ಮೇಷ್ಟ್ರು ಸತ್ಯವೇದ ಅನ್ನುತ್ತಿದ್ದರು. ಕೈಯ ಗ್ರೀಸು ಒರೆಸಿಕೊಳ್ಳುತ್ತ, "ನಿಮ್ಮ ಸತ್ಯವೇದ ಆಕಾಶದಿಂದ ಬೈಂಡಾಗಿ ಬಿತ್ತೇನ್ರಿ ಮೇಷ್ಟ್ರೇ?" ಅನ್ನುತ್ತಿದ್ದರು. ಸಭೆ, ಅಂದರೆ ಕ್ರೈಸ್ತರ ಸಂಘ, ಮೊದಲು ಹುಟ್ಟಿತು, ಆಮೇಲೆ ಸಭೆಯ ಹಿರಿಯರು ಕೂತು ಇದು ದೇವರ ಮಾತು, ಇದು ಅಲ್ಲ ಅಂತ ಆರಿಸಿ ಕಟ್ಟಿದ್ದೇ ಬೈಬಲ್ಲು. ಸಭೆಯೇ ಇಲ್ಲದಿದ್ದರೆ ಪುಸ್ತಕ ಎಲ್ಲಿಂದ ಬರುತ್ತಿತ್ತು ಅನ್ನುವುದು ಅವರ ವಾದ.

ಮೇಷ್ಟ್ರು ಚಹಾ ಮುಗಿಯುವವರೆಗೂ ಉತ್ತರ ಕೊಡುತ್ತಿರಲಿಲ್ಲ. ಮುಗಿದ ಮೇಲೆ ಲೋಟ ಕೆಳಗಿಟ್ಟು, "ಪೋಸ್ಟ್‌ಮನ್ ಕಾಗದ ತಂದು ಕೊಡ್ತಾನ. ಬರೆದಾಂವ ಅವನಲ್ಲ" ಅನ್ನುತ್ತಿದ್ದರು.

"ಖರೆ. ಆದ್ರ ಯಾವ ಕಾಗದ ಯಾವ ಮನಿದು ಅಂತ ಗೊತ್ತಿರೋದು ಅವನಿಗೇ. ನೀವು ಅದರಾಗ ಏಳು ಕಾಗದ ವಾಪಸ್ ಕಳಿಸೀರಿ."

ಈ ಏಳು ಏನು ಅಂತ ನನಗೆ ಅರ್ಥವಾಗಲು ಒಂದು ಬೇಸಿಗೆ ಬೇಕಾಯಿತು. ನನಗೆ ತಿಳಿದಷ್ಟು ಹೇಳುತ್ತೇನೆ, ತಪ್ಪಿದ್ದರೆ ಬಡಗಿಯ ತಪ್ಪು ಅಂತ ಬಿಡಿ. ಬೈಬಲ್ಲು ಒಂದು ಪುಸ್ತಕವಲ್ಲ, ಪುಸ್ತಕಗಳ ಕಟ್ಟು. ಮೇಷ್ಟ್ರ ಕಟ್ಟಿನಲ್ಲಿ ಅರವತ್ತಾರು, ಅಂತೋಣಣ್ಣನ ಕಟ್ಟಿನಲ್ಲಿ ಎಪ್ಪತ್ತಮೂರು. ಹಳೆಯ ಒಡಂಬಡಿಕೆ ಅಂತ ಮೊದಲ ಭಾಗವಿದೆಯಲ್ಲ, ಅದು ಯೆಹೂದ್ಯರಿಂದ ಬಂದದ್ದು. ಆ ಹೆಚ್ಚಿನ ಏಳು ಅವರ ಗ್ರೀಕ್ ಭಾಷೆಯ ಕಟ್ಟಿನಲ್ಲಿದ್ದವು, ಹೀಬ್ರೂ ಕಟ್ಟಿನಲ್ಲಿ ಇರಲಿಲ್ಲ. ಯೇಸುವಿನ ಶಿಷ್ಯರು ಊರೂರಿಗೆ ಒಯ್ದದ್ದು ಗ್ರೀಕ್ ಕಟ್ಟನ್ನೇ, ಮೊದಲಿಂದ ಪೂಜೆಯಲ್ಲಿ ಓದಿದ್ದೂ ಅದನ್ನೇ ಅನ್ನುತ್ತಿದ್ದರು ಅಂತೋಣಣ್ಣ. ಯಾರಿಗೆ ದೇವರು ಮೊದಲು ಮಾತು ಕೊಟ್ಟನೋ ಆ ಯೆಹೂದ್ಯರೇ ಆ ಏಳನ್ನು ವೇದ ಅನ್ನಲಿಲ್ಲ, ಹಿಂದಿನ ಕಾಲದ ನಿಮ್ಮ ದೊಡ್ಡ ಪಂಡಿತರಲ್ಲೂ ಕೆಲವರಿಗೆ ಅನುಮಾನವಿತ್ತು, ಎಲ್ಲರ ಬಾಯಿ ಮುಚ್ಚುವ ಹಾಗೆ ನೀವು ಗಟ್ಟಿ ತೀರ್ಮಾನ ಮಾಡಿದ್ದು ನಾವು ಬೇರೆಯಾದ ಮೇಲೆ ಅನ್ನುತ್ತಿದ್ದರು ಮೇಷ್ಟ್ರು. ನಾವು ಹರಿದು ಎಸೆಯಲಿಲ್ಲ, ಮೊದಮೊದಲು ಬೇರೆ ಭಾಗವಾಗಿ ಇಟ್ಟುಕೊಂಡಿದ್ದೆವು, ಆಮೇಲೆ ಅಚ್ಚು ಹಾಕುವವರು ಬಿಟ್ಟರು ಅಂತಲೂ ಸೇರಿಸುತ್ತಿದ್ದರು. "ಹಂಗಂದ್ರ ಮೊದಲು ಪಡಸಾಲಿಗೆ ಹಾಕಿದ್ರಿ, ಆಮ್ಯಾಲೆ ಹೊರಗ" ಅನ್ನುತ್ತಿದ್ದರು ಅಂತೋಣಣ್ಣ.

ನನಗೆ ಇದು ತೀರ ಹೊಸದು ಅನ್ನಿಸಲಿಲ್ಲ. ನಮ್ಮೂರ ಭಜನೆಯವರಲ್ಲೂ ಇಂಥದ್ದೇ ಇತ್ತು. ಓಣಿಯ ಮೇಲಿನವರು ಹಾಡುವ ಕೆಲವು ತತ್ವಪದಗಳನ್ನು ಕೆಳಗಿನವರು ನಮ್ಮ ಗುರುವಿನದಲ್ಲ ಅಂತ ಹಾಡುತ್ತಿರಲಿಲ್ಲ. ಆದರೆ ಮೇಲಿನವರು ಹಾಡುವಾಗ ತಾಳ ಹಾಕಲು ಮಾತ್ರ ಹೋಗುತ್ತಿದ್ದರು.

ಒಂದು ದಿನ ಇಬ್ಬರೂ ಸೇರಿ ನನ್ನನ್ನು ಪಂಚನನ್ನಾಗಿ ಮಾಡಿದರು. ನೀನು ಈ ಕಡೆಯವನೂ ಅಲ್ಲ, ಆ ಕಡೆಯವನೂ ಅಲ್ಲ, ಎರಡೂ ಓದಿ ಹೇಳು ಅಂದರು. ಮರುದಿನ ಬೆಂಚಿನ ಮೇಲೆ ಎರಡು ಬೈಬಲ್ಲು ಬಂದು ಕೂತವು. ಶಾಲೆ ಬಿಟ್ಟ ಮೇಲೆ ನಾನು ಓದಿದ್ದು ಬಸ್ಸಿನ ಬೋರ್ಡು, ಪಾಲಿಶ್ ಡಬ್ಬದ ಮೇಲಿನ ಸೂಚನೆ. ಆದರೆ ಆಗಲ್ಲ ಅನ್ನುವ ಮಾತು ನನ್ನ ಬಾಯಲ್ಲಿ ಬರುವುದಿಲ್ಲ, ಅದು ನನ್ನ ಕೆಟ್ಟ ಗುಣ. "ಆತು, ನೋಡೋಣ" ಅಂತ ದೊಡ್ಡ ಮನುಷ್ಯನ ಹಾಗೆ ತಲೆ ಆಡಿಸಿದೆ.

ಮಧ್ಯಾಹ್ನ ರೊಟ್ಟಿ ತಿಂದ ಮೇಲೆ ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಓದುತ್ತಿದ್ದೆ. ಒತ್ತಕ್ಷರ ಬಂದರೆ ಬೆರಳು ನಿಲ್ಲುತ್ತಿತ್ತು. ಒಂದು ದಿನ ಮೇಷ್ಟ್ರು ಯಾವಾಗ ಬಂದು ಹಿಂದೆ ನಿಂತಿದ್ದರೋ ತಿಳಿಯಲಿಲ್ಲ. ಅಂದಿನಿಂದ ಸಂಜೆ ವಾದಕ್ಕೆ ಕೂತಾಗ, ತಮಗೆ ಕಣ್ಣು ಮಂಜು ಅಂತ ಹೇಳಿ, "ತಮ್ಮಾ, ಈ ಭಾಗ ಒಂದೀಟು ಓದು, ಸಾವಕಾಶ" ಅನ್ನತೊಡಗಿದರು. ಅಂತೋಣಣ್ಣನೂ, ನಮ್ಮದನ್ನೂ ಓದಿಸಿರಿ, ನ್ಯಾಯ ಅಂದರೆ ನ್ಯಾಯ, ಅಂತ ಹಠ ಹಿಡಿದರು. ಹೀಗೆ ಎರಡು ಪಂಗಡದ ಜಗಳದಲ್ಲಿ ನನ್ನ ಓದು ರಿಪೇರಿ ಆಯಿತು. ಮೇಷ್ಟ್ರು ಸ್ಕೂಲಿನಲ್ಲಿ ಕನ್ನಡಕವಿಲ್ಲದೆ ಹಾಜರಿ ಕೂಗುತ್ತಿದ್ದರು ಅಂತ ಆಮೇಲೆ ಗೊತ್ತಾಯಿತು.

ಆ ಏಳರಲ್ಲಿ ಒಂದರಲ್ಲಿ ಒಬ್ಬ ಹುಡುಗ ದೂರದ ಊರಿಗೆ ನಡೆದು ಹೋಗುತ್ತಾನೆ, ಅವನ ನಾಯಿಯೂ ಸಂಗಡ ಹೋಗುತ್ತದೆ. ಅಲ್ಲಿ ಅವನ ಮದುವೆಯಾಗುತ್ತದೆ. ನನಗೆ ಆ ನಾಯಿ ಬಹಳ ಹಿಡಿಸಿತು. ಮೇಷ್ಟ್ರನ್ನು ಕೇಳಿದೆ. "ಕಥಿ ಚಲೋ ಐತಿ, ನಾಯಿನೂ ಚಲೋ ಐತಿ. ಆದ್ರ ವೇದ ಅಲ್ಲ" ಅಂದರು.

ಇಷ್ಟರಲ್ಲಿ ಇಬ್ಬರ ವಾದಕ್ಕೆ ತಿಳಿಸದೆ ಇಬ್ಬರ ಮಕ್ಕಳು ಒಪ್ಪಂದಕ್ಕೆ ಬಂದಿದ್ದರು. ಮೇಷ್ಟ್ರ ಮಗಳು ಸುಗುಣ, ಅಂತೋಣಣ್ಣನ ಮಗ ಜೋಸೆಫ. ಮನೆಗಳಲ್ಲಿ ಸ್ವಲ್ಪ ದಿನ ಮುಖ ಊದಿಕೊಂಡವು, ಆಮೇಲೆ ಇಳಿದವು. ಅಂತೋಣಣ್ಣನ ಚರ್ಚಿನ ದೊಡ್ಡ ಗುರುಗಳ, ಅಂದರೆ ಬಿಷಪ್ಪರ, ಅಪ್ಪಣೆಯೂ ಬಂತು. ಮೇಷ್ಟ್ರ ಮನೆತನದಲ್ಲಿ ಒಂದು ಪದ್ಧತಿ: ಮಗಳ ಮದುವೆಯಲ್ಲಿ ಸತ್ಯವೇದವನ್ನು ಮರದ ಪೆಟ್ಟಿಗೆಯಲ್ಲಿಟ್ಟು ಕೊಡಬೇಕು. ಮೇಷ್ಟ್ರ ಹೆಂಡತಿಯೂ ಹರಪನಹಳ್ಳಿಯ ತವರಿಂದ ಅಂಥದ್ದೊಂದು ತಂದಿದ್ದರು. ಕೆಲಸ ನನಗೇ ಬಂತು.

ನಾನು ಮಾಡಿದ ಕೆಲಸ ನಾನೇ ಹೊಗಳಬಾರದು, ಆದರೂ ಹೊಗಳುತ್ತೇನೆ. ಸಾಗವಾನಿ, ಒಂದು ಮೊಳೆ ಇಲ್ಲ, ಮೂಲೆಗಳಲ್ಲಿ ಹಲ್ಲಿಗೆ ಹಲ್ಲು ಕೂರಿಸಿದ್ದು. ಮುಚ್ಚಳದ ಮೇಲೆ ದ್ರಾಕ್ಷಿ ಬಳ್ಳಿ. ನನಗೆ ಬಡಗಿ ಕೆಲಸ ಕಲಿಸಿದ ಗುರುಗಳು ಹೇಳುತ್ತಿದ್ದದ್ದು, ಪೆಟ್ಟಿಗೆ ಅಂದರೆ ಇಡುವ ವಸ್ತು ಅಲುಗಬಾರದು. ಮೇಷ್ಟ್ರ ಪುಸ್ತಕ ತಂದು ಅಳೆದು, ಮುಚ್ಚಿದರೆ ಒಳಗೆ ಗಾಳಿ ಆಡದ ಹಾಗೆ ಮಾಡಿದೆ.

ಪಾಲಿಶ್ ಒಣಗಿದ ಸಂಜೆ ಅಂತೋಣಣ್ಣ ತಮ್ಮ ಬೈಬಲ್ಲು ತಂದು, ನನ್ನ ಸೊಸೆ ಇದನ್ನೂ ಇಡಬೇಕಲ್ಲ ಅಂತ ನಗುತ್ತಲೇ ಪೆಟ್ಟಿಗೆಯಲ್ಲಿ ಇಟ್ಟರು. ಮುಚ್ಚಳ ಹೆಬ್ಬೆರಳಿನಷ್ಟು ಎತ್ತರದಲ್ಲಿ ನಿಂತಿತು. ಮೆತ್ತಗೆ ಒತ್ತಿದರು. ಅದು ಮುಚ್ಚಲಿಲ್ಲ.

ಅವರ ನಗು ಹೋಯಿತು. "ನಮ್ಮ ಏಳಕ್ಕ ಇದರಾಗ ಜಾಗ ಇಲ್ಲ ಅಂದ್ರ, ಈ ಪೆಟ್ಟಿಗಿ ನಮ್ಮ ಮನಿಗೆ ಬ್ಯಾಡ."

"ಪೆಟ್ಟಿಗಿ ಬರದ ಮನಿಗೆ ಮಗಳೂ ಬರಂಗಿಲ್ಲ" ಅಂದರು ಮೇಷ್ಟ್ರು. ಅಷ್ಟು ದಿನದ ವಾದದಲ್ಲಿ ಅವರು ಚಹಾ ಮುಗಿಸದೆ ಮಾತಾಡಿದ್ದು ಅದೊಂದೇ ಸಲ.

ಈಗ ಯೋಚಿಸಿದರೆ ಆ ಹೆಬ್ಬೆರಳಿನಷ್ಟು ಎತ್ತರದಲ್ಲಿ ಅರ್ಧ, ಏಳು ಪುಸ್ತಕದ್ದಲ್ಲ, ದಪ್ಪ ಕಾಗದದ್ದು, ಪುಟದ ಕೆಳಗಿನ ಟಿಪ್ಪಣಿಯದ್ದು. ಆವತ್ತು ಅದನ್ನು ಹೇಳುವ ಧೈರ್ಯ ಯಾರಿಗಿತ್ತು? ಮರುದಿನದಿಂದ ಸ್ಟೂಲು ಖಾಲಿ, ಹಲಗೆಯ ಒಟ್ಟು ಖಾಲಿ. ಚಹಾದವನು ಅಭ್ಯಾಸಬಲದಿಂದ ಮೂರು ಲೋಟ ತಂದಿಟ್ಟು ಹೋಗುತ್ತಿದ್ದ, ಮೂರೂ ನಾನೇ ಕುಡಿಯುತ್ತಿದ್ದೆ. ಮೇಷ್ಟ್ರ ಮನೆಗೆ ಹೋಗಿ, ಸುತ್ತ ಒಂದು ಪಟ್ಟಿ ಕೂರಿಸಿ ಪೆಟ್ಟಿಗೆ ಎತ್ತರ ಮಾಡುತ್ತೇನೆ ಅಂದೆ. ಅವರು ಒಪ್ಪಲಿಲ್ಲ. ಎತ್ತರ ಮಾಡಿದರೆ ನನ್ನ ಪುಸ್ತಕ ಒಳಗೆ ಅಲುಗಾಡುತ್ತದೆ, ಏನೋ ಕಡಿಮೆ ಬಿದ್ದ ಹಾಗೆ ಕಾಣುತ್ತದೆ ಅಂದರು. ಅವರ ಮಾತೂ ಖರೆ. ಆಳ ಮಾಡಿದರೆ ಒಬ್ಬರಿಗೆ ಅವಮಾನ, ಹಾಗೇ ಬಿಟ್ಟರೆ ಇನ್ನೊಬ್ಬರಿಗೆ. ಸಾವಿರಾರು ವರ್ಷ ಪಂಡಿತರು ಕೂತು ಬಗೆಹರಿಸದ್ದು ನನ್ನ ಗಜಕಡ್ಡಿಯ ಮೇಲೆ ಬಂದು ಕೂತಿತ್ತು. ನಡುವೆ ಇಬ್ಬರು ಮಕ್ಕಳ ಮದುವೆ.

ಸುಗುಣ ಒಂದು ಮಧ್ಯಾಹ್ನ ಒಬ್ಬಳೇ ಬಂದಳು. ಜೋಸೆಫ ರಸ್ತೆಯಲ್ಲಿ ಗಾಡಿಯ ಮೇಲೆ ಕೂತು ನಮ್ಮ ಕಡೆ ನೋಡದ ಹಾಗೆ ನೋಡುತ್ತಿದ್ದ. ಅವಳು ಪೆಟ್ಟಿಗೆಯನ್ನು ಸುತ್ತ ಮುಟ್ಟಿ ನೋಡಿ, ಕೆಲಸ ಬಹಳ ಚೆಂದ ಆಗಿದೆ ಅಂದಳು.

"ಅಣ್ಣಾ, ಮುಚ್ಚಳ ತಗೀರಿ" ಅಂದಳು.

ತೆಗೆದು ತೋರಿಸಿದೆ.

"ಹಂಗಲ್ಲ. ಬಿಚ್ಚಿ ತಗೀರಿ. ಅಮ್ಮನ ಪೆಟ್ಟಿಗಿ ನಾ ಹುಟ್ಟಿದಾಗಿಂದ ನೋಡೀನಿ, ಮುಚ್ಚೇ ಐತಿ. ಒಳಗಿನ ವೇದ ಹೊಸಾದು ಐತಿ, ನುಸಿಗುಳಿಗಿ ವಾಸನಿ ಹೊಡೀತೈತಿ. ನಂದು ತೆರೆದಿರ್ಲಿ. ಎರಡೂ ಇಡ್ತೀನಿ, ಯಾವುದು ಮ್ಯಾಲ ಐತೋ ಅದು ಓದ್ತೀನಿ."

ಸುಲಭದ ಮಾತು ಅನ್ನಿಸುತ್ತದೆ ನಿಮಗೆ. ದ್ರಾಕ್ಷಿ ಬಳ್ಳಿ ಕೆತ್ತಿದವನನ್ನು ಕೇಳಿ. ನನ್ನ ಅಷ್ಟೂ ಹೆಮ್ಮೆ ಆ ಮುಚ್ಚಳದ ಮೇಲಿತ್ತು. ಇನ್ನೊಮ್ಮೆ ಯೋಚನೆ ಮಾಡಮ್ಮ ಅಂದೆ. ಅವಳು ರಸ್ತೆಯ ಕಡೆ ನೋಡಿದಳು, ಗಾಡಿಯ ಮೇಲಿದ್ದವನು ತಲೆ ತಗ್ಗಿಸಿಕೊಂಡಿದ್ದ. ಕೀಲಿನ ತಿರುಪು ಬಿಚ್ಚಿದೆ. ತೂತಿದ್ದ ಜಾಗಕ್ಕೆ ಅದೇ ಮರದ ಚೂರು ತುಂಬಿ, ಅಂಚು ಉಜ್ಜಿ ನುಣುಪು ಮಾಡಿದೆ.

ಸಂಜೆ ಇಬ್ಬರಿಗೂ ಚಹಾದವನ ಕೈಲಿ ಹೇಳಿ ಕಳಿಸಿದೆ. ಒಬ್ಬರು ಬರುತ್ತಾರೆ ಅಂತ ಇನ್ನೊಬ್ಬರಿಗೆ ಹೇಳಲಿಲ್ಲ. ಬಂದರು. ಬೆಂಚಿನ ಮೇಲೆ ಬಾಯಿ ತೆರೆದ ಪೆಟ್ಟಿಗೆ, ಅದರಲ್ಲಿ ಎರಡು ಪುಸ್ತಕ ಒಂದರ ಮೇಲೊಂದು, ಮೇಲಿನದು ಅಂಚು ದಾಟಿ ನಿಂತಿತ್ತು. ಸುಗುಣಳ ಮಾತು ಅವಳು ಹೇಳಿದ ಹಾಗೆಯೇ ಹೇಳಿದೆ. ಬಹಳ ಹೊತ್ತು ಯಾರೂ ಕೂರಲಿಲ್ಲ.

ಕೊನೆಗೆ ಮೇಷ್ಟ್ರು ಪೆಟ್ಟಿಗೆಯ ಅಂಚಿನ ಮೇಲೆ ಕೈಯಾಡಿಸಿ, "ಮುಚ್ಚಳ ಇಲ್ಲದ್ದಕ್ಕ ಪೆಟ್ಟಿಗಿ ಅಂತಾರೇನು?" ಅಂದರು. ಯಾರನ್ನು ಕೇಳಿದರೋ ಗೊತ್ತಿಲ್ಲ.

"ಗ್ವಾದ್ಲಿ ಅಂತಾರ" ಅಂದರು ಅಂತೋಣಣ್ಣ.

ಮೇಷ್ಟ್ರು ಅವರ ಕಡೆ ತಿರುಗಿದರು. ನನಗೆ ಏನೂ ಹೊಳೆಯಲಿಲ್ಲ. ನಾನು ಒಕ್ಕಲಿಗರ ಮನೆಯವನು, ನನಗೆ ಗೋದಲಿ ಅಂದರೆ ಎತ್ತಿಗೆ ಮೇವು ಹಾಕುವ ತೊಟ್ಟಿ; ನನ್ನ ಸಾಗವಾನಿ ಕೆಲಸವನ್ನು ಮೇವಿನ ತೊಟ್ಟಿ ಅಂದರಲ್ಲ ಅಂತ ಸಿಟ್ಟೇ ಬಂತು. ಆದರೆ ಮೇಷ್ಟ್ರ ಮುಖ ಸಡಿಲವಾಗಿತ್ತು.

"ಅದು ನಿಮ್ಮದರಾಗೂ ಐತಿ, ನಮ್ಮದರಾಗೂ ಐತಿ" ಅಂದರು.

"ಅದರಾಗ ಜಗಳ ಇಲ್ಲ" ಅಂದು ಅಂತೋಣಣ್ಣ ಹಲಗೆಯ ಒಟ್ಟಿನ ಮೇಲೆ ಕೂತರು. ಮೇಷ್ಟ್ರು ಸ್ಟೂಲು ಎಳೆದುಕೊಂಡರು. ಯಾಕೆ ಅಂತ ಕೇಳಿದ್ದಕ್ಕೆ ಮೇಷ್ಟ್ರು ಪುಟ ತೆಗೆದುಕೊಟ್ಟು, ಓದು ಅಂದರು. ಛತ್ರದಲ್ಲಿ ಜಾಗ ಸಿಗದೆ ತಾಯಿ ಆಗ ಹುಟ್ಟಿದ ಯೇಸುವನ್ನು ಗೋದಲಿಯಲ್ಲಿ ಮಲಗಿಸಿದ್ದನ್ನು ಅವತ್ತು ನಾನು ಬೆರಳಿಡದೆ ಓದಿದೆ. ಓದಿ ಮುಗಿಸಿದಾಗ ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತಿದ್ದರು.

ಮದುವೆಯಾಯಿತು. ವಾದ ನಿಲ್ಲಲಿಲ್ಲ, ಬೀಗರಾದ ಮೇಲೆ ಇನ್ನೂ ಜೋರಾಯಿತು. ನಾನು ಪಂಚನಾಗಿ ತೀರ್ಪು ಕೊಡಲೇ ಇಲ್ಲ, ಅವರೂ ಕೇಳಲಿಲ್ಲ. ಯಾವ ಕಟ್ಟು ಸರಿ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಎರಡನ್ನೂ ಓದಬಲ್ಲೆ, ಅಷ್ಟು ಗೊತ್ತು.

ಮೇಷ್ಟ್ರು ತೀರಿಹೋಗಿ ಕೆಲವು ವರ್ಷವಾಯಿತು. ಅಂತೋಣಣ್ಣ ಈಗ ಶೆಡ್ಡು ಮಗನಿಗೆ ಬಿಟ್ಟು ಸಂಜೆ ಇಲ್ಲೇ ಇರುತ್ತಾರೆ. ಇವತ್ತು ನಾನು ಮುಚ್ಚಳ ಒರೆಸುತ್ತಿರುವಾಗ ಬೆಳಿಗ್ಗೆಯೇ ಬಂದರು. ಸುಮ್ಮನಿರಲಾಗದೆ ನಾನೇ, ಸಭೆ ಇಲ್ಲದಿದ್ದರೆ ಪುಸ್ತಕ ಎಲ್ಲಿಂದ ಬರುತ್ತಿತ್ತು ಅಂತ ಅವರದೇ ಮಾತು ಅವರಿಗೆ ಹಾಕಿದೆ. ಅವರು ಚಹಾ ಮುಗಿಸಿದರು. ಲೋಟ ಕೆಳಗಿಟ್ಟರು.

"ಪೋಸ್ಟ್‌ಮನ್ ಕಾಗದ ತಂದು ಕೊಡ್ತಾನ ಲೇ ಬಡಿಗಿ. ಬರೆದಾಂವ ಅವನಲ್ಲ" ಅಂದರು. ನಾನು ನೋಡುತ್ತಲೇ ಇದ್ದದ್ದಕ್ಕೆ, "ಆ ಕಡಿಂದ ಹೇಳೋರು ಯಾರರ ಬೇಕಲ್ಲ" ಅಂದರು.

ಮುಚ್ಚಳವನ್ನು ಮತ್ತೆ ಗೋಡೆಗೆ ಹಾಕಿದೆ. ಇಷ್ಟು ದಿನ ಅದನ್ನು ನನ್ನ ಕೈಗೆಲಸ ಅಂತ ಇಟ್ಟಿದ್ದೆ. ಇವತ್ತು ಹಾಕುವಾಗ, ಎರಡು ಪುಸ್ತಕ ಒಟ್ಟಿಗೆ ಕೂರಲಿ ಅಂತ ತೆಗೆದಿಟ್ಟದ್ದು ಅನ್ನಿಸಿತು.

ಈಗ ನನ್ನ ಹತ್ತಿರ ಇರುವುದು ಇಷ್ಟು: ಗಚ್ಚಿನ ಮಾಡಿನ ಒಂದು ಅಂಗಡಿ, ಎರಡು ಮಷೀನು, ಮೂರು ಕೋಣೆಯ ಮನೆ, ಹೆಂಡತಿ, ಇಬ್ಬರು ಮಕ್ಕಳು, ಮೇಷ್ಟ್ರು ಬಿಟ್ಟುಹೋದ ಒಂದು ಸತ್ಯವೇದ, ಅಂತೋಣಣ್ಣ ವಾಪಸ್ ಕೇಳದ ಒಂದು ಬೈಬಲ್ಲು, ಒಂದು ಸ್ಟೂಲು, ಒಂದು ಮುಚ್ಚಳ.