ಅಡ್ಡಾದಿಡ್ಡಿ ಗೆರೆ

ಇಸಿಜಿ ಮೆಷಿನ್ ರಿಪೇರಿ ಮಾಡುವ ನಮಗೆ ಒಂದು ಅಭ್ಯಾಸವಿತ್ತು. ಕೆಲಸ ಮುಗಿದ ಮೇಲೆ ವೈರುಗಳನ್ನು ನಾವೇ ಮೈಗೆ ಅಂಟಿಸಿಕೊಂಡು ಮಲಗಿ ನೋಡುವುದು. ಎಂಬತ್ತರ ದಶಕದಲ್ಲಿ ಮದ್ರಾಸಿನ ಮೈಲಾಪೂರಿನ ಒಂದು ಕ್ಲಿನಿಕ್ಕಿನಲ್ಲಿ ಹಾಗೇ ಮಲಗಿದೆ. ಗೆರೆ ಅಡ್ಡಾದಿಡ್ಡಿ ಬಂತು. ವೈರು ಬದಲಿಸಿದೆ, ಬರೆಯುವ ಸೂಜಿಯನ್ನೂ ಬದಲಿಸಿದೆ. ಮತ್ತೆ ಅದೇ ಗೆರೆ.

“ಮೆಷಿನ್ ಇನ್ನೂ ಸರಿಹೋಗಿಲ್ಲ ಡಾಕ್ಟರೇ,” ಎಂದೆ.

ಡಾಕ್ಟರು ಬಂದು ನನ್ನ ನಾಡಿ ಹಿಡಿದರು. “ಮೆಷಿನ್ ಸರಿಯಾಗೇ ಇದೆ ಪಾ. ನಿನ್ನ ಹೃದಯದ ಮೇಲಿನ ಕೋಣೆಗಳು ನಡುಗ್ತಿವೆ. ಏಳಬೇಡ.”

ಏಳಲು ಹೊರಟವನು ಮತ್ತೆ ಮಲಗಿದೆ.

“ಜೀವಕೋಶದೊಳಗೆ ಕ್ಯಾಲ್ಸಿಯಂ ಹೋದರೇನೇ ಹೃದಯ ಬಡಿಯೋದು,” ಎಂದು ಸಿರಿಂಜು ತುಂಬಿದರು. “ಈ ಔಷಧಿ ಅದನ್ನ ಸ್ವಲ್ಪ ತಡೆಯುತ್ತೆ. ಬಡಿತ ನಿಧಾನ ಆಗುತ್ತೆ.”

ಕಣ್ಣೆದುರಿಗೇ ಆಯಿತು.

ಅಂದಿನಿಂದ ರಿಪೇರಿ ಮುಗಿದರೆ ಡಾಕ್ಟರಿಗೇ ಮಲಗಲು ಹೇಳುತ್ತಿದ್ದೆ. ಒಬ್ಬರೂ ಒಪ್ಪಲಿಲ್ಲ.